ಪರದೇಶದಲ್ಲಿ ಒಂದು ಬಕೆಟ್ ಕಲಗಚ್ಚು

ಒಂದು ನಾಡಿನ ನಾಗರಿಕತೆಯನ್ನು ಅಳೆಯಬೇಕಾದರೆ ಅದು ಕಟ್ಟಿದ ಗೋಪುರಗಳನ್ನು ಬಿಟ್ಟು, ಅದು ಎಸೆದ ವಸ್ತುಗಳನ್ನು ನೋಡಬೇಕು. ಇಷ್ಟು ಗಂಭೀರವಾದ ವಿಚಾರ ನನಗೆ ಹೊಳೆದದ್ದು ಜರ್ಮನಿಯ ಒಂದು ಕಂದು ಬಣ್ಣದ ಕಸದ ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಬಾಳೆಹಣ್ಣಿನ ಸಿಪ್ಪೆಗೆ ಅಂಟಿಕೊಂಡಿದ್ದ ಪ್ಲಾಸ್ಟಿಕ್ ಚೀಟಿಯೊಂದನ್ನು ಹುಡುಕುತ್ತಿದ್ದಾಗ. ಚೀಟಿ ಸಿಗಲಿಲ್ಲ. ಅಂಗಿಯ ತೋಳು ಒಗೆಯಬೇಕಾಯಿತು.

ಬಂಗಾರಪೇಟೆ ಸ್ಟೇಷನ್

ನಾನು ಕೆಜಿಎಫ್ ಪಟ್ಟಣದ ಆಂಡರ್ಸನ್‌ಪೇಟೆಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ನನ್ನ ತರಗತಿಯಲ್ಲಿ ಮಾತ್ರ ಕನ್ನಡ, ಅದೂ ನಾನು ನೋಡುತ್ತಿರುವಷ್ಟು ಹೊತ್ತು ಮಾತ್ರ, ಎಂಬಂಥ ಮಕ್ಕಳಿಗೆ ಸಂಧಿ ಸಮಾಸ ಕಲಿಸಿದವನಿಗೆ ಜರ್ಮನ್ ಭಾಷೆಯ ಭಯ ಇರಬೇಕಾಗಿಲ್ಲ ಎಂದುಕೊಂಡೇ ಹೊರಟೆ.

ಕರೆದವಳು ನನ್ನ ಅಕ್ಕನ ಮಗಳು ರತ್ನ. ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಹಸುಗಳ ನಡುವೆ ಬೆಳೆದವಳು. ನರ್ಸಿಂಗ್ ಓದಿ, ಜರ್ಮನ್ ಕಲಿತು, ಈಗ ರೂರ್ ಎಂಬ ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಗಂಡ ವೆಂಕಟೇಶ, ನಾಲ್ಕು ವರ್ಷದ ಮಗಳು ಚಿನ್ನಿ ಇನ್ನೂ ಊರಲ್ಲೇ ಇದ್ದರು. ಒಂದು ತಿಂಗಳ ಮಟ್ಟಿಗೆ ಮಾವ ಅತ್ತೆ ಇಬ್ಬರೂ ಬನ್ನಿ ಎಂದು ರತ್ನ ಕರೆದರೆ ನನ್ನ ಹೆಂಡತಿ ಸರೋಜ ಕೇಳಿದ್ದು ಒಂದೇ ಪ್ರಶ್ನೆ.

"ನೀರು ಬರೋ ದಿನ ಮನೇಲಿ ಯಾರಿರ್ತಾರ್ರೀ? ನೀವು ಓಗ್ಬನ್ನಿ. ನೀವಿದ್ರೂ ಒಂದು ಕೊಡ ಇಡ್ಯಲ್ಲ."

ಕೆಜಿಎಫ್‌ನಲ್ಲಿ ಬಾಳಿದ ಯಾರೂ ಈ ವಾದಕ್ಕೆ ಎದುರು ಹೇಳಲಾರರು. ಹುಣಸೆಹಣ್ಣು, ರಾಗಿಹಿಟ್ಟು, ಹುರುಳಿಕಾಳು, ಪಾತ್ರೆ ಉಜ್ಜಲು ತೆಂಗಿನ ನಾರು, ಎರಡು ಬಟ್ಟೆ ಚೀಲ ಇಷ್ಟನ್ನು ಕಟ್ಟಿಕೊಟ್ಟು ಕಳಿಸಿದಳು. ತೆಂಗಿನ ನಾರನ್ನು ವಿಮಾನ ನಿಲ್ದಾಣದ ಅಧಿಕಾರಿ ಬಹಳ ಹೊತ್ತು ನೋಡಿದರು. ಮೂಸಿದರು. ಬಿಟ್ಟರು.

ಬಂಗಾರಪೇಟೆ ಸ್ಟೇಷನ್ನಿಗೆ ಬೀಳ್ಕೊಡಲು ವೆಂಕಟೇಶ ಚಿನ್ನಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದ.

"ತಾತ, ಅಮ್ಮನ್ನ ಕರ್ಕೊಂಬತ್ತೀಯಾ?" ಎಂದಳು ಚಿನ್ನಿ.

"ಅಮ್ಮ ಬರಲ್ಲಮ್ಮಾ. ನಾವೇ ಅಲ್ಲಿಗೆ ಓಗೋದು," ಎಂದ ವೆಂಕಟೇಶ.

"ಯಾವಾಗ?"

ಅಷ್ಟರಲ್ಲಿ ರೈಲು ಬಂದು ನಮ್ಮಿಬ್ಬರ ಮರ್ಯಾದೆ ಉಳಿಸಿತು.

ಆರು ಮನೆ, ನಾಲ್ಕು ತೊಟ್ಟಿ

"ಮಾವ, ಒಂದು ಮಾತು ಏಳ್ಬೇಕು. ಬೇಜಾರು ಮಾಡ್ಕೋಬಾರ್ದು," ಎಂದು ರತ್ನ ಶುರು ಮಾಡಿದಾಗ ನಾನಿನ್ನೂ ಷೂ ಬಿಚ್ಚಿರಲಿಲ್ಲ.

ವಿಷಯ ಇಷ್ಟು. ಗಂಡನನ್ನೂ ಮಗುವನ್ನೂ ಕರೆಸಿಕೊಳ್ಳಬೇಕಾದರೆ, ಈ ಮನೆಯಲ್ಲಿ ಇನ್ನಿಬ್ಬರು ಇರಬಹುದು ಎಂದು ಮನೆಯ ಯಜಮಾನರು ಬರೆದು ಸಹಿ ಹಾಕಿದ ಪತ್ರವನ್ನು ಅಲ್ಲಿನ ವೀಸಾ ಕಚೇರಿಗೆ ಕೊಡಬೇಕು. ಆರು ಮನೆಗಳ ಆ ಕಟ್ಟಡದ ಯಜಮಾನರೆಂದರೆ ಕೆಳಗಿನ ಮನೆಯಲ್ಲಿರುವ ಹಿಲ್ಡಾ ಎಂಬ ವೃದ್ಧೆ. ವಯಸ್ಸು ಎಪ್ಪತ್ತೆಂಟು. ಗಂಡ ಕಲ್ಲಿದ್ದಲ ಗಣಿಯಲ್ಲಿದ್ದವರು, ತೀರಿಕೊಂಡಿದ್ದಾರೆ. ಆಕೆ ಆಗುವುದಿಲ್ಲ ಎಂದೂ ಹೇಳಿರಲಿಲ್ಲ, ಸಹಿಯನ್ನೂ ಹಾಕಿರಲಿಲ್ಲ. ರತ್ನನಿಗಿಂತ ಮೊದಲು ಆ ಮನೆಯಲ್ಲಿದ್ದ ದೊಡ್ಡ ಸಂಸಾರವೊಂದು ಎಲ್ಲ ಕಸವನ್ನೂ ಎಲ್ಲ ತೊಟ್ಟಿಗಳಿಗೂ ಸಮನಾಗಿ ಹಂಚಿತ್ತಂತೆ. ಕಸದ ಗಾಡಿಯವರು ಮುಚ್ಚಳ ಎತ್ತಿ ನೋಡಿ, ಕೆಂಪು ಚೀಟಿ ಅಂಟಿಸಿ, ಹಾಗೇ ಬಿಟ್ಟುಹೋದರಂತೆ. ಆರೂ ಮನೆಯವರು ಎರಡು ವಾರ ಮೂಗು ಮುಚ್ಚಿಕೊಂಡು ಮೆಟ್ಟಿಲು ಹತ್ತಿ ಇಳಿದರಂತೆ.

"ನಿಮ್ಮನೆಯೋರು ಒಬ್ರು ಬತ್ತಾವ್ರಲ್ಲ, ಒಂದು ತಿಂಗಳು ನೋಡೋಣ, ಆಮೇಲೆ ಏಳ್ತೀನಿ ಅಂದವ್ರೆ, ಮಾವ."

"ಅಂದ್ರೆ ಪರೀಕ್ಷೆ ನನಗಾ?"

"ನಿಂಗೇ."

ಮೂವತ್ತು ವರ್ಷ ಪರೀಕ್ಷೆ ನಡೆಸಿದವನು ಇಳಿವಯಸ್ಸಿನಲ್ಲಿ ಪರದೇಶದ ಕಸದ ತೊಟ್ಟಿಯ ಮುಂದೆ ವಿದ್ಯಾರ್ಥಿಯಾಗಿ ನಿಂತೆ. ಕಾಗದಕ್ಕೆ ನೀಲಿ ತೊಟ್ಟಿ. ಪೊಟ್ಟಣ, ಡಬ್ಬಿಗಳಿಗೆ ಹಳದಿ. ಸಿಪ್ಪೆ, ಸೊಪ್ಪಿನ ಕಡ್ಡಿಗಳಿಗೆ ಕಂದು. ಎಲ್ಲಿಗೂ ಸೇರದ ನಿರ್ಗತಿಕ ವಸ್ತುಗಳಿಗೆ ಬೂದು. ಗಾಜಿಗೆ ಬೀದಿಯ ಕೊನೆಯಲ್ಲಿ ಬೇರೆ ಪೆಟ್ಟಿಗೆ; ಅದರಲ್ಲೂ ಬಿಳಿ, ಹಸಿರು, ಕಂದು ಎಂದು ಕುಲಭೇದ. ಮೊದಲ ದಿನ ಬೆಳಗ್ಗೆ ಟೀ ಕುಡಿದ ಮೇಲೆ ಚೀಲದಿಂದ ಸೊಪ್ಪನ್ನು ಬೇರೆ ಮಾಡಿ, ದಾರ ಬಿಚ್ಚಿ, ಪಿನ್ನು ಕಿತ್ತು, ಕಾಗದದ ತುಣುಕನ್ನು ಒರೆಸಿ, ಒಂದು ಟೀ ಚೀಲವನ್ನು ಪಂಚಭೂತಗಳಿಗೆ ಹಿಂತಿರುಗಿಸುವ ಸಂಸ್ಕಾರದಲ್ಲಿ ಅರ್ಧ ಗಂಟೆ ಕಳೆದೆ. ಡ್ಯೂಟಿಗೆ ಹೊರಟಿದ್ದ ರತ್ನ ನೋಡಿ ನಿಂತಳು.

"ಮಾವ, ಅಷ್ಟೆಲ್ಲ ಬೇಡ. ಪಿನ್ನಿಲ್ದಿದ್ರೆ ಇಡೀದನ್ನೇ ಕಂದು ಡಬ್ಬಕ್ಕೆ ಆಕ್ಬೋದು."

"ಮೊದ್ಲೇ ಹೇಳೋದಲ್ವೇನಮ್ಮಾ?"

"ಟೀ ಕುಡಿಯಾಕೂ ಏಳ್ಕೊಡ್ಬೇಕು ಅಂತ ನಂಗೇನ್ ಗೊತ್ತು?"

ಹಿಲ್ಡಾ ಅವರನ್ನು 'ಫ್ರೌ', ಅಂದರೆ ಶ್ರೀಮತಿ, ಎಂದು ಸೇರಿಸಿ ಕರೆಯಬೇಕೆಂದು ರತ್ನ ಹೇಳಿಕೊಟ್ಟಳು. ನನ್ನ ಬಾಯಿಗೆ ಅದು ಹಿಲ್ಡಮ್ಮ ಎಂದೇ ಬಂತು. ಆಕೆ ಮೊದಲ ಸಲ ಕೇಳಿ ಹುಬ್ಬೇರಿಸಿದರು, ತಿದ್ದಲಿಲ್ಲ.

ಬಾಟಲಿ ನುಂಗುವ ಯಂತ್ರ

ಅಲ್ಲಿ ಕುಡಿದ ನೀರಿನ ಬಾಟಲಿಯನ್ನು ಅಂಗಡಿಗೆ ಹಿಂದಿರುಗಿಸಿ ಅದರ ಠೇವಣಿ ಹಣ ಪಡೆಯಬೇಕು. ಅದಕ್ಕೊಂದು ಯಂತ್ರವಿದೆ. ಗೋಡೆಯಲ್ಲಿ ಗುಂಡಗಿನ ಬಾಯಿ. ಬಾಟಲಿ ಇಟ್ಟರೆ ತಿರುಗಿಸಿ ನೋಡಿ, ಒಪ್ಪಿಗೆಯಾದರೆ ಒಳಗೆಳೆದುಕೊಳ್ಳುತ್ತದೆ. ನಾನು ಒಂದು ವಾರದ ಬಾಟಲಿಗಳನ್ನು ಸರೋಜಳ ಬಟ್ಟೆ ಚೀಲದಲ್ಲಿ ಹೊತ್ತುಕೊಂಡು ಹೋದೆ. ಮೊದಲನೆಯದನ್ನು ಇಟ್ಟೆ. ಯಂತ್ರ ಉಗುಳಿತು. ಎರಡನೆಯದನ್ನೂ ಉಗುಳಿತು. ಹಿಂದೆ ಸಾಲು ಬೆಳೆಯಿತು.

ತಪ್ಪು ನನ್ನ ಸಂಸ್ಕಾರದ್ದು. ಕುಡಿದ ಬಾಟಲಿಯನ್ನು ಹಿಂಡಿ ಎಸೆಯಿರಿ ಎಂದು ಬಾಟಲಿಯ ಮೇಲೇ ಬರೆದಿರುವ ದೇಶದವನು ನಾನು. ಹಿಂಡದಿದ್ದರೆ ಯಾರೋ ನಲ್ಲಿ ನೀರು ತುಂಬಿ ಬಂಗಾರಪೇಟೆ ಪ್ಲಾಟ್‌ಫಾರಂನಲ್ಲೇ ನನಗೆ ಮತ್ತೆ ಮಾರಿಯಾರು ಎಂಬ ಭಯದಲ್ಲಿ ಇಷ್ಟು ವರ್ಷ ಹಿಂಡಿದ್ದೇನೆ. ಅಲ್ಲಿಯೂ ಅಷ್ಟೇ ಶ್ರದ್ಧೆಯಿಂದ ಹನ್ನೊಂದು ಬಾಟಲಿಗಳನ್ನೂ ಹಗ್ಗದಂತೆ ಹೊಸೆದಿದ್ದೆ.

ನನ್ನ ಹಿಂದೆ ನಿಂತಿದ್ದ, ಕತ್ತಿನ ತನಕ ಹಚ್ಚೆ ಹಾಕಿಸಿಕೊಂಡಿದ್ದ ಒಬ್ಬ ದೈತ್ಯ ಒಂದು ಬಾಟಲಿಯನ್ನು ಕೈಗೆ ತೆಗೆದುಕೊಂಡ. ಬಾಯಿಗಿಟ್ಟು ಊದಿದ. ಬಾಟಲಿ ಮತ್ತೆ ಉಬ್ಬಿ ನಿಂತಿತು. ಯಂತ್ರ ನುಂಗಿತು. ಆಮೇಲೆ ಅವನೂ ನಾನೂ ಅಕ್ಕಪಕ್ಕ ನಿಂತು, ಮಂಗಳವಾದ್ಯದವರಂತೆ ಕೆನ್ನೆ ಉಬ್ಬಿಸಿ, ಉಳಿದ ಬಾಟಲಿಗಳನ್ನು ಊದಿದೆವು. ಸಾಲಿನಲ್ಲಿದ್ದ ಯಾರೂ ನಗಲಿಲ್ಲ. ನಿಯಮಕ್ಕೆ ಸಂಬಂಧಪಟ್ಟ ವಿಷಯದಲ್ಲಿ ಅವರು ನಗುವುದಿಲ್ಲ ಎಂದು ಆಗ ತಿಳಿಯಿತು.

ಗಣಿಯ ಗುಡ್ಡ

ರತ್ನನ ಮನೆಯ ಹಿಂದೆ ಒಂದು ಗುಡ್ಡವಿದೆ. ಹುಲ್ಲು, ಮರ, ನಾಯಿ ಕರೆದುಕೊಂಡು ಓಡಾಡುವ ಜನ. ಕಲ್ಲಿದ್ದಲ ಗಣಿಯಿಂದ ಮೇಲೆ ತಂದು ಸುರಿದ ಕಲ್ಲುಮಣ್ಣೇ ಈ ಗುಡ್ಡವಾಗಿದೆ ಎಂದು ರತ್ನ ಹೇಳಿದಾಗ ನಾನು ನಂಬಲಿಲ್ಲ. ಕೆರೆದು ನೋಡಿದೆ. ಕೆಳಗೆ ಕಪ್ಪಗಿತ್ತು.

ನಮ್ಮಲ್ಲೂ ಗುಡ್ಡಗಳಿವೆ. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡಗಳು. ಸೈನೈಡ್ ದಿಬ್ಬ ಎಂದು ಕರೆದು ಅಭ್ಯಾಸ. ಹುಲ್ಲು ಹುಟ್ಟುವುದಿಲ್ಲ. ಗಾಳಿ ತಿರುಗಿದ ದಿನ ಚಾಂಪಿಯನ್ ರೀಫ್ಸ್ ಕಡೆ ಒಣಹಾಕಿದ ಬಟ್ಟೆಯ ಮೇಲೂ ಮುಚ್ಚಳ ಮರೆತ ಸಾರಿನ ಮೇಲೂ ಅದು ಬಂದು ಕೂರುತ್ತದೆ. ಗಣಿ ಮುಚ್ಚಿದವರು ಬೀಗ ಹಾಕಿಕೊಂಡು ಹೋದರು, ಗುಡ್ಡವನ್ನು ನಮಗೆ ಬಿಟ್ಟರು. ಇಲ್ಲಿಯೂ ಗಣಿ ಮುಚ್ಚಿದೆ. ಮುಚ್ಚಿದ ಮೇಲೆ ಯಾರೋ ಕೂತು ಹುಲ್ಲು ನೆಟ್ಟಿದ್ದಾರೆ. ಇದರ ಬಗ್ಗೆ ನನ್ನಲ್ಲಿ ಹಾಸ್ಯವೇನೂ ಹುಟ್ಟಲಿಲ್ಲ. ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತೆ.

ಹಾಗೆ ಕೂತಾಗಲೇ ಗುಡ್ಡದ ಆಚೆ ಬಯಲಿನಲ್ಲಿ ಕಪ್ಪುಬಿಳಿ ಹಸುಗಳು ಕಂಡವು. ಅಪಾಯ ಅಲ್ಲಿಂದ ಶುರುವಾಯಿತು.

ಬಾಯಿಲ್ಲದ ತೊಟ್ಟಿ

ಅಷ್ಟು ಹೊತ್ತಿಗೆ ಮೂರು ವಾರ ಕಳೆದಿತ್ತು. ನಾನು ಸುಮಾರಾಗಿ ಪಾಸಾಗುವ ಲಕ್ಷಣವಿತ್ತು. ಚಳಿಯಲ್ಲೂ ದಿನಕ್ಕೆರಡು ಸಲ ಹತ್ತು ನಿಮಿಷ ಕಿಟಕಿ ತೆರೆದು, ಹೀಟರ್ ಆರಿಸಿ, ಗಾಳಿ ಬದಲಿಸುತ್ತಿದ್ದೆ. ಭಾನುವಾರ ಗಾಜಿನ ಬಾಟಲಿ ಎಸೆದು ಸದ್ದು ಮಾಡುತ್ತಿರಲಿಲ್ಲ. ಪೇಟೆಗೆ ಬಟ್ಟೆ ಚೀಲ. ಸ್ನಾನಕ್ಕೆ ಷವರ್ ಮುಟ್ಟದೆ ಒಂದೇ ಬಕೆಟ್ ನೀರು, ಒಂದು ಚೊಂಬು. ಇದೆಲ್ಲ ಪರಿಸರದ ಕಾಳಜಿ ಎಂದು ಹಿಲ್ಡಮ್ಮ ರತ್ನನ ಹತ್ತಿರ ಮೆಚ್ಚಿಕೊಂಡರಂತೆ. ನಾನು ನಾಚಿದೆ. ನಮ್ಮ ಮನೆಯಲ್ಲಿ ಹರಿದ ಸೀರೆ ಕೌದಿಯಾಗಿ, ಕೌದಿ ಕಾಲೊರೆಸುವ ಬಟ್ಟೆಯಾಗಿ, ಅದು ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆಯಾಗಿ ಕೊನೆಯುಸಿರೆಳೆಯುವುದನ್ನು ಕಂಡಿದ್ದೇನೆ. ಪರಿಸರ ಎಂಬ ಪದವನ್ನು ಸರೋಜ ಈವರೆಗೆ ಬಳಸಿಲ್ಲ. ಕೈಯಲ್ಲಿ ನಾಲ್ಕು ಕಾಸು ಆಡಿದ ಮನೆಗಳಲ್ಲಿ ಆ ಒಳ್ಳೆಯತನ ಎಷ್ಟು ಬೇಗ ಖಾಲಿಯಾಗುತ್ತದೆ ಎಂಬುದಕ್ಕೆ ನಮ್ಮ ಬೀದಿಯ ಚರಂಡಿ ಸಾಕ್ಷಿ. ಹಾಲಿನ ಪ್ಯಾಕೆಟ್ಟು, ಚಿಪ್ಸ್ ಚೀಲಗಳಿಂದ ಅದು ಕಟ್ಟಿಕೊಂಡು ಕೂತಿದೆ.

ಆದರೆ ಒಂದು ವಿಷಯದಲ್ಲಿ ನಮ್ಮ ಬೀದಿ ಇವತ್ತಿಗೂ ತಪ್ಪುವುದಿಲ್ಲ. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ, ಮಿಕ್ಕ ಅನ್ನ ಎಲ್ಲ ಒಂದು ಬಕೆಟ್ಟಿಗೆ. ಅದೇ ಕಲಗಚ್ಚು. ಹಾಲು ಕೊಡುವ ಮುನಿಯಮ್ಮ ಸಂಜೆ ಬಂದು ಸುರಿದುಕೊಂಡು ಹೋಗುತ್ತಾಳೆ. ಒಂದು ಸಲ ಅದರಲ್ಲಿ ಯಾರದೋ ಪ್ಲಾಸ್ಟಿಕ್ ಚೂರು ಸಿಕ್ಕಿತು. ಬೀದಿಯ ನಡುವೆ ನಿಂತು ಕೂಗಿದಳು: "ಯಾವ್ ಮನೆಯೋರು ಇದನ್ನ ಆಕಿರೋದು? ನನ್ ಅಸೂಗೆ ಏನಾನಾ ಆದ್ರೆ ತಂದು ನಿಮ್ಮ ಬಾಗಿಲಾಗೇ ಕಟ್ತೀನಿ, ಸಾಯೋಗಂಟ ಸಾಕ್ಕೊಳ್ಳಿ!" ಅಂದಿನಿಂದ ನಮ್ಮ ಹದಿನೆಂಟು ಮನೆಗಳಲ್ಲಿ ಕಸ ವಿಂಗಡಣೆ ಜರ್ಮನಿಯ ಮಟ್ಟದಲ್ಲಿದೆ, ಆ ಬಕೆಟ್ಟಿನ ಮಟ್ಟಿಗೆ. ನಮ್ಮ ತೊಟ್ಟಿಗೆ ಬಾಯಿದೆ, ಹೊಟ್ಟೆಯಿದೆ, ಕೇಳುವ ಒಡತಿಯಿದ್ದಾಳೆ. ಆ ಕಂದು ತೊಟ್ಟಿಗೆ ಇದ್ಯಾವುದೂ ಇಲ್ಲದ್ದರಿಂದ ಪಾಪ, ಇಷ್ಟೊಂದು ನಿಯಮ ಬೇಕಾಗಿದೆ ಎಂದುಕೊಂಡೆ.

ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಚೆಲ್ಲಲು ಕೈ ಬರಲಿಲ್ಲ. ಕಂದು ತೊಟ್ಟಿಗೆ ನೀರು ಸುರಿಯಬಾರದು. ಸ್ನಾನದ ಬಕೆಟ್ಟಿಗೆ ಮುಚ್ಚಳ ಹೊಂದಿಸಿ, ಬಾಲ್ಕನಿಯಲ್ಲಿಟ್ಟು, ನಾಲ್ಕು ದಿನ ತುಂಬಿಸಿದೆ. ಐದನೆಯ ದಿನ ರತ್ನ ಡ್ಯೂಟಿಗೆ ಹೋದ ಮೇಲೆ ಬಕೆಟ್ ಹಿಡಿದು ಬಸ್ ಹತ್ತಿದೆ.

ಹಸುವಿನ ಮನೆ

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಾಯಿತು. ಮುಂದಿನ ಸೀಟೂ ಖಾಲಿಯಾಯಿತು. ಜರ್ಮನರು ಹಿರಿಯರಿಗೆ ತೋರಿಸುವ ಗೌರವ ದೊಡ್ಡದು ಎಂದು ಮೆಚ್ಚಿಕೊಂಡೆ. ನಾಲ್ಕು ದಿನದ ಕಲಗಚ್ಚಿಗೆ ಎಂಥ ವಾಸನೆ ಬರುತ್ತದೆ ಎಂಬುದು, ಅದರ ಜೊತೆಗೇ ಬಾಳಿದ ಮೂಗಿಗೆ ಗೊತ್ತಾಗುವುದಿಲ್ಲ.

ಹಸುಗಳ ಯಜಮಾನ ರಬ್ಬರ್ ಬೂಟಿನ ಕೆಂಪು ಮುಖದ ಮನುಷ್ಯ. ನಾನು ನಮಸ್ಕರಿಸಿ, ಬಕೆಟ್ಟಿನ ಮುಚ್ಚಳ ತೆಗೆದು, ಬಯಲಿನ ಕಡೆ ಕೈ ತೋರಿಸಿ, ನನ್ನ ಇಂಗ್ಲಿಷಿನಲ್ಲಿ ವಿನಂತಿಸಿದೆ: ಹಸುವಿಗೆ, ಉಚಿತವಾಗಿ. ಆತ ಬಕೆಟ್ಟನ್ನು ನೋಡಿದ. ನನ್ನನ್ನು ನೋಡಿದ. "ಫರ್ಬೋಟನ್," ಎಂದ. ಆ ಒಂದು ಪದದ ಅರ್ಥ ಮೂರು ವಾರದಲ್ಲಿ ನನಗೆ ಚೆನ್ನಾಗಿ ತಿಳಿದಿತ್ತು: ನಿಷೇಧ. ಸಂಕೋಚ ಪಡುತ್ತಿದ್ದಾನೆಂದು ತಿಳಿದು ನಾನು ಒಂದು ಹೆಜ್ಜೆ ಬೇಲಿಯ ಕಡೆ ಇಟ್ಟೆ. ಆತ ಅಡ್ಡ ನಿಂತ.

ದಾರಿ ತಪ್ಪಿದರೆ ಇರಲಿ ಎಂದು ರತ್ನ ನನ್ನ ಜೇಬಿನಲ್ಲಿ ವಿಳಾಸ, ಫೋನ್ ನಂಬರು ಬರೆದ ಚೀಟಿ ಇಟ್ಟಿದ್ದಳು. ಮೊದಲನೆಯದು ಅವಳದು, ಎರಡನೆಯದು ಹಿಲ್ಡಮ್ಮನದು. ಚೀಟಿಯನ್ನು ಆತನ ಕೈಗಿಟ್ಟೆ. ಆತ ಫೋನ್ ಮಾಡಿದಾಗ ಮೊದಲನೆಯದನ್ನು ಯಾರೂ ಎತ್ತಲಿಲ್ಲ.

ಎಪ್ಪತ್ತೆಂಟರ ಹಿಲ್ಡಮ್ಮ ಸೈಕಲ್ಲಿನಲ್ಲಿ ಬಂದರು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದರು. ಅವರೂ ಹಸುಗಳ ಯಜಮಾನನೂ ನನ್ನ ಬಕೆಟ್ಟಿನ ಎರಡು ಕಡೆ ನಿಂತು, ಪಂಚನಾಮೆಯ ಅಧಿಕಾರಿಗಳಂತೆ ತಗ್ಗಿದ ದನಿಯಲ್ಲಿ ಮಾತನಾಡಿದರು. ನನಗೆ ಒಂದಕ್ಷರ ತಿಳಿಯಲಿಲ್ಲ. ರತ್ನನ ಹೆಸರು ಮಾತ್ರ ಎರಡು ಸಲ ಕೇಳಿಸಿತು. ಸ್ಟೇಷನ್ನಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಯಾವಾಗ ಎಂದು ಕೇಳಿದ ಮಗುವಿಗೆ, ನಿನ್ನ ತಾತ ಹಸುವಿಗೆ ಕಲಗಚ್ಚು ಕೊಡಲು ಹೋಗಿ ನಿನ್ನನ್ನು ಬಂಗಾರಪೇಟೆಯಲ್ಲೇ ಕೂರಿಸಿದ ಎಂದು ಯಾರು ಹೇಳುವುದು?

ಹಿಲ್ಡಮ್ಮ ಸೈಕಲ್ ತಳ್ಳಿಕೊಂಡು, ನಾನು ಬಕೆಟ್ ಹಿಡಿದುಕೊಂಡು, ಗುಡ್ಡವನ್ನು ಸುತ್ತಿ ಮನೆಯವರೆಗೂ ನಡೆದೆವು. ನಾನು ಕೈ ಬದಲಿಸಿದಾಗಲೆಲ್ಲ ಆಕೆ ನಿಂತು ಕಾದರು.

ವಿಚಾರಣೆ

ರತ್ನ ಡ್ಯೂಟಿಯಿಂದ ಬಂದಾಗ ನಾವಿಬ್ಬರೂ ಹಿಲ್ಡಮ್ಮನ ಅಡುಗೆಮನೆಯಲ್ಲಿ ಎದುರುಬದುರು ಕೂತಿದ್ದೆವು. ಬಕೆಟ್ ನಡುವೆ ಇತ್ತು. ವಿಷಯ ಕೇಳಿ ರತ್ನ ಕೋಟು ಬಿಚ್ಚುವುದನ್ನೂ ಮರೆತಳು.

"ಅಯ್ಯೋ ದೇವುಡಾ! ಬಸ್ಸಲ್ಲಿ ಎತ್ಕೊಂಡೋದ್ಯಾ ಮಾವ?"

"ಮುಚ್ಚಳ ಹಾಕಿದ್ದೆ."

"ಮುಚ್ಚಳ ಅಂತೆ! ಮಿಕ್ಕಿದ್ದು ಉಳಿದಿದ್ದು ದನಕ್ಕೆ ಆಕಂಗಿಲ್ಲ ಇಲ್ಲಿ. ಕಾನೂನು. ಇಂದೆ ಅಂಗೆ ಆಕಿ ರೋಗ ಅಂಟ್ಕೊಂಡು ದನಗಳ್ನೆಲ್ಲ ಕೊಂದು ಊತವ್ರೆ. ಇನ್ನೊಬ್ರಾಗಿದ್ರೆ ಪೋಲಿಸ್ರಿಗೆ ಏಳೋರು."

ನನ್ನ ತಲೆ ತಗ್ಗಿತು. ಇಡೀ ಪ್ರವಾಸದಲ್ಲಿ ಭೂಮಿತಾಯಿಗೆ ನಾನು ಮಾಡಿದ ಅತ್ಯುತ್ತಮ ಸೇವೆ ಅಪರಾಧವಾಗಿತ್ತು. ಹಿಲ್ಡಮ್ಮ ಏನೋ ಕೇಳಿದರು.

"ಯಾಕೆ ಮಾಡಿದ್ರು ಅಂತ ಕೇಳ್ತಾವ್ರೆ," ಎಂದಳು ರತ್ನ.

ನಾನು ಹೇಳಿದೆ. ಆಂಡರ್ಸನ್‌ಪೇಟೆ, ಹದಿನೆಂಟು ಮನೆ, ಮುನಿಯಮ್ಮ, ಅವಳ ಬೈಗುಳ. ರತ್ನ ಒಂದೊಂದಾಗಿ ಜರ್ಮನ್‌ಗೆ ತಿರುಗಿಸಿದಳು. ಬೈಗುಳವನ್ನು ಬಿಟ್ಟಳೆಂದು ಗೊತ್ತಾಗಿ ಅದನ್ನೂ ಹೇಳು ಎಂದೆ. ಹೇಳಿದಳು. ಹಿಲ್ಡಮ್ಮ ಬಕೆಟ್ಟಿನ ಅಂಚನ್ನು ಬೆರಳಿನಿಂದ ಮುಟ್ಟಿ, ಬಹಳ ಹೊತ್ತು ಮಾತನಾಡಿದರು. ರತ್ನ ಅನುವಾದ ಮರೆತು ಕೇಳುತ್ತಾ ನಿಂತಳು.

"ಏನಂತೆ?"

"ಅವ್ರ ಅಮ್ಮನೂ ಬಾಗಿಲ ಇಂದೆ ಇಂಥದೇ ಬಕೀಟು ಇಡೋರಂತೆ. ಗಣಿ ಕೆಲ್ಸದೋರ ಲೈನ್ ಮನೆ, ಅಸು ಕಟ್ಟೋಕೆ ಎಲ್ಲಿ ಜಾಗ? ಇಂದುಗಡೆ ಒಂದು ಮೇಕೆ. ಮೇಕೇನೇ ಗಣಿಯೋನ ಅಸು ಅನ್ನೋರಂತೆ. ಬಕೀಟು ಮೇಕೆಗೆ ಇಡೋದು ಇವ್ರ ಕೆಲ್ಸ."

ನಮ್ಮೂರಿನ ನಂದಿದುರ್ಗ ಗಣಿಯ ಲೈನ್ ಮನೆಗಳ ಹಿಂದೆ ಕಟ್ಟಿದ ಮೇಕೆಗಳು ನನ್ನ ಕಣ್ಣ ಮುಂದೆ ಬಂದವು. ಆಸೆಯೂ ಬಂತು. "ಹಾಗಾದ್ರೆ ಸಹಿ?"

ರತ್ನ ಕೇಳಿದಳು. ಹಿಲ್ಡಮ್ಮ ತಲೆಯಾಡಿಸಿದರು. ಅಲ್ಲಿ ತಲೆಯಾಡಿಸಿದರೆ ಇಲ್ಲ ಎಂದು.

"ಅಮ್ಮನ ಕಾಲ ಬೇರೆ, ಕಾನೂನು ಬೇರೆ ಅಂತವ್ರೆ. ನಿನ್ ಗಂಡಾನೂ ಬಂದು ಅಸು ಉಡುಕ್ಕೊಂಡು ಓದ್ರೆ ಅಂತ ಕೇಳ್ತಾವ್ರೆ."

"ಹೋಗಲ್ಲ ಅಂತ ಹೇಳಮ್ಮ!"

"ಎಂಗೇಳ್ಲಿ ಮಾವ? ನಿಂಗೆ ಗೊತ್ತಿಲ್ವಾ ಅವ್ರ್ನ? ಬಂದ ಎರಡನೇ ದಿನಾನೇ ಓಗ್ತಾರೆ."

ವೆಂಕಟೇಶ ಪ್ರಾಮಾಣಿಕ, ದುಡಿಮೆಗಾರ, ಸಿಗರೇಟಿನ ಚಟ ಕೂಡ ಇಲ್ಲ. ಆದರೆ ಹಸು ಕಂಡರೆ ಬೈಕು ನಿಲ್ಲಿಸಿ ಮಾತಾಡಿಸುವ ಮನುಷ್ಯ. ರತ್ನ ಇದನ್ನೂ ಮುಚ್ಚಿಡದೆ ಜರ್ಮನ್‌ನಲ್ಲಿ ಹೇಳಿದಳೆಂದು ಅವಳ ದನಿಯಿಂದಲೇ ತಿಳಿಯಿತು. ಅವಳ ಕಣ್ಣು ತುಂಬಿತ್ತು. ಸುಳ್ಳು ಹೇಳಿದ್ದರೆ ಸಹಿ ಆಗುತ್ತಿತ್ತೋ ಏನೋ.

ಹಿಲ್ಡಮ್ಮ ಎದ್ದು ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದರು. ಅವರೇ ಬರೆದ ಕಸದ ನಿಯಮಗಳು. ಅದನ್ನೂ ಒಂದು ಖಾಲಿ ಹಾಳೆಯನ್ನೂ ಪೆನ್ನನ್ನೂ ನನ್ನ ಮುಂದಿಟ್ಟರು.

"ಎಂಗೂ ಮೇಷ್ಟ್ರಂತಲ್ಲ, ನಿಮ್ಮ ಭಾಷೇಲಿ ಬರ್ದುಕೊಡ್ಲಿ, ಅವ್ರು ಊರಲ್ಲೇ ಓದ್ಕೊಂಡು ಬರ್ಲಿ ಅಂತವ್ರೆ," ಎಂದಳು ರತ್ನ, ಮೂಗು ಒರೆಸಿಕೊಳ್ಳುತ್ತಾ.

ರತ್ನ ಓದಿ ಹೇಳಿದಂತೆ ಬರೆದೆ. ನನ್ನ ಅಕ್ಷರ ಇಂದಿಗೂ ಮುತ್ತಿನಂತಿದೆ. ಹಿಲ್ಡಮ್ಮನಿಗೆ ಕನ್ನಡ ಬಾರದು. ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಬೆರಳಿನಿಂದ ಸಾಲು ಎಣಿಸಿದರು. ಅವರದು ಎಂಟು. ನನ್ನದು ಆರು. ಬೆರಳು ಅಲ್ಲೇ ನಿಂತಿತು.

ಒಂದು, ಮಗುವಿನ ಡಯಾಪರ್ ಬಗ್ಗೆ. ಚಿನ್ನಿಗೆ ನಾಲ್ಕು ವರ್ಷ, ಬೇಡವೆಂದು ಬಿಟ್ಟಿದ್ದೆ. ಇನ್ನೊಂದು, ಕಂದು ತೊಟ್ಟಿಗೆ ನೀರು ಸುರಿಯಬಾರದು ಎಂಬುದು. ಅದನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೆ. ಅಕ್ಕಿ ತೊಳೆದ ನೀರಿಗೆ ಅಷ್ಟು ಅವಮಾನವಾಗಬಾರದೆಂದು.

ಎರಡನ್ನೂ ಸೇರಿಸಿದೆ. ಆಮೇಲೆ ಯಾರೂ ಕೇಳದೆ ಒಂಬತ್ತನೆಯದನ್ನೂ ಬರೆದೆ. ಹಿಲ್ಡಮ್ಮ ಎಣಿಸಿ, ಒಂದು ಹೆಚ್ಚಾದದ್ದನ್ನು ಕಂಡು, ಇದೇನೆಂದು ಕೇಳಿದರು.

"ಕಲಗಚ್ಚನ್ನು ಇಲ್ಲಿನ ಯಾವ ಹಸುವಿಗೂ ಕೊಡತಕ್ಕದ್ದಲ್ಲ. ಹಸು ತಾನಾಗಿ ಬೇಲಿಯ ಬಳಿ ಬಂದು ನೋಡಿದರೂ ಕೊಡತಕ್ಕದ್ದಲ್ಲ," ಎಂದು ಓದಿದೆ. ರತ್ನ ತಿರುಗಿಸಿ ಹೇಳಿದಳು.

ಹಿಲ್ಡಮ್ಮ ನಗಲಿಲ್ಲ. ಹಾಳೆಯನ್ನು ಮಡಿಸಿ, ವೆಂಕಟೇಶನಿಗೆಂದು ನನ್ನ ಕೈಗಿಟ್ಟರು. ಬಕೆಟ್ಟಿನಲ್ಲಿದ್ದುದನ್ನು ನನ್ನ ಕೈಯಲ್ಲೇ ಸೋಸಿಸಿ, ಸಿಪ್ಪೆಯನ್ನು ಕಂದು ತೊಟ್ಟಿಗೂ ನೀರನ್ನು ಶೌಚಾಲಯಕ್ಕೂ ಹಾಕಿಸಿದರು.

ಪತ್ರಕ್ಕೆ ಮರುವಾರ ಸಹಿ ಹಾಕಿದರು. ಕಚೇರಿಯ ಕೆಲಸ ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ವೆಂಕಟೇಶ ಮತ್ತು ಚಿನ್ನಿ ಈಗ ಅಲ್ಲಿದ್ದಾರೆ.